ಕೋಳಿಗೆ ಮೊಟ್ಟೆ ಸಿಕ್ಕಿಕೊಂಡರೆ: ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು?

ಬೆಳಗ್ಗೆಯಿಂದ ಕೋಳಿ ಗೂಡಿನೊಳಗೆ ಹೋಗಿ ಕೂರುತ್ತದೆ, ಎದ್ದು ಬರುತ್ತದೆ, ಮತ್ತೆ ಹೋಗಿ ಕೂರುತ್ತದೆ. ಮೊಟ್ಟೆ ಮಾತ್ರ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಅಂಗಳದ ಮೂಲೆಯಲ್ಲಿ ಬಾಲ ಇಳಿಬಿಟ್ಟು, ಗರಿ ಉಬ್ಬಿಸಿಕೊಂಡು, ಪೆಂಗ್ವಿನ್ ಹಾಗೆ ನೆಟ್ಟಗೆ ನಿಂತಿರುತ್ತದೆ. ಕಾಳು ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಯಾರನ್ನಾದರೂ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡೇ: ‘ಕಾವಿಗೆ ಕೂತಿದೆ, ಬಿಡಿ’ ಅಥವಾ ‘ಮೊಟ್ಟೆ ಸಿಕ್ಕಿಕೊಂಡಿದೆ, ಎಣ್ಣೆ ಹಚ್ಚಿ ಹೊಟ್ಟೆ ಒತ್ತಿ ತೆಗೆಯಿರಿ’. ಮೊದಲನೆಯದು ನಿಜವಾಗಿದ್ದರೆ ಚಿಂತೆಯಿಲ್ಲ. ಎರಡನೆಯದರಲ್ಲಿ ಅರ್ಧ ಸರಿ, ಇನ್ನರ್ಧ ಕೋಳಿಯ ಪ್ರಾಣಕ್ಕೇ ಎರವಾಗುವಂಥದ್ದು.

ಮೊಟ್ಟೆ ಅಂಡನಾಳದೊಳಗೆ ಸಿಕ್ಕಿಕೊಂಡು ಹೊರಬರದೆ ಇರುವುದು ಮೊಟ್ಟೆಯಿಡುವ ಯಾವ ಹಕ್ಕಿಗೂ ಬರಬಹುದಾದ ತೊಂದರೆ. ಗಿಳಿ, ಲವ್‌ಬರ್ಡ್ ಸಾಕಿದವರಿಗೂ ಇದು ಗೊತ್ತಿರುತ್ತದೆ. ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನಗಳಲ್ಲೇ ಕೋಳಿ ಸಾಯಬಹುದು. ಸರಿಯಾದ ಸಮಯಕ್ಕೆ ಗುರುತಿಸಿದರೆ ಬಹಳಷ್ಟು ಸಲ ಉಳಿಸಿಕೊಳ್ಳಲೂ ಬಹುದು. ಏನು ಮಾಡಬೇಕು ಎನ್ನುವುದು ಅರ್ಥವಾಗಬೇಕಾದರೆ, ಆ ಮೊಟ್ಟೆ ಅಲ್ಲಿಯವರೆಗೆ ಹೇಗೆ ಬಂತು ಎಂದು ಮೊದಲು ನೋಡಬೇಕು.

ಒಂದು ಮೊಟ್ಟೆಯ ಇಪ್ಪತ್ತೈದು ಗಂಟೆ

ಹೇಂಟೆಯ ಹೊಟ್ಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮತ್ತು ಎಡಗಡೆಯ ಅಂಡನಾಳ ಮಾತ್ರ. ಬಲಗಡೆಯದು ಭ್ರೂಣದ ಹಂತದಲ್ಲಿ ಇದ್ದರೂ ಆಮೇಲೆ ಬೆಳೆಯುವುದಿಲ್ಲ. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಭಂಡಾರವನ್ನು ಅಂಡನಾಳದ ಬಾಯಿ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಸುಮಾರು 65ರಿಂದ 70 ಸೆಂಟಿಮೀಟರ್ ಉದ್ದದ ಸುರುಳಿ ಕೊಳವೆಯಲ್ಲಿ ಪ್ರಯಾಣ ಮಾಡಬೇಕು. ಬಿಳಿಭಾಗ ಸುತ್ತಿಕೊಳ್ಳಲು ಮೂರು ಗಂಟೆ, ಚಿಪ್ಪಿನೊಳಗಿನ ತೆಳುಪೊರೆ ಕಟ್ಟಲು ಒಂದು ಗಂಟೆಯಷ್ಟು, ಗಟ್ಟಿ ಚಿಪ್ಪು ಕಟ್ಟಲು ಹೆಚ್ಚುಕಡಿಮೆ ಇಪ್ಪತ್ತು ಗಂಟೆ. ಒಟ್ಟು 24ರಿಂದ 26 ಗಂಟೆಗಳ ಕೆಲಸ. ಮೊಟ್ಟೆ ಇಟ್ಟು ಅರ್ಧ ಗಂಟೆಯಾದ ಮೇಲೆ ಮುಂದಿನ ಭಂಡಾರದ ಪ್ರಯಾಣ ಶುರು. ಹಾಗಾಗಿಯೇ ಕೋಳಿ ಮೊಟ್ಟೆಯಿಡುವ ಹೊತ್ತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತ, ಕೊನೆಗೆ ಒಂದು ದಿನ ರಜೆ ಬೀಳುತ್ತದೆ. ‘ನಿನ್ನೆ ಮೊಟ್ಟೆ ಇಡಲಿಲ್ಲ’ ಎನ್ನುವುದೊಂದೇ ಕಾಯಿಲೆಯ ಲಕ್ಷಣವಲ್ಲ.

ಇಲ್ಲಿ ಮುಖ್ಯವಾದ ಸಂಗತಿ ಕ್ಯಾಲ್ಶಿಯಂ. ಒಂದು ಮೊಟ್ಟೆಯ ಚಿಪ್ಪು ಐದಾರು ಗ್ರಾಂ ತೂಗುತ್ತದೆ. ಅದರಲ್ಲಿ ಬಹುಪಾಲು ಕ್ಯಾಲ್ಶಿಯಂ ಕಾರ್ಬೊನೇಟ್, ಎಂದರೆ ಸುಮಾರು 2 ಗ್ರಾಂ ಕ್ಯಾಲ್ಶಿಯಂ. ಕೋಳಿಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಕೆಲವೇ ಹತ್ತು ಮಿಲಿಗ್ರಾಂ. ಚಿಪ್ಪು ಕಟ್ಟುವ ಹೊತ್ತಿನಲ್ಲಿ ರಕ್ತದ ಕ್ಯಾಲ್ಶಿಯಂ ಪೂರ್ತಿ ಖರ್ಚಾಗಿ ಸುಮಾರು ಕಾಲು ಗಂಟೆಗೊಮ್ಮೆ ಮತ್ತೆ ತುಂಬಿಕೊಳ್ಳಬೇಕಾಗುತ್ತದೆ! ಅದು ಬರುವುದು ಎರಡು ಕಡೆಯಿಂದ: ತಿಂದ ಆಹಾರದಿಂದ, ಮತ್ತು ಮೂಳೆಯಿಂದ. ಮೊಟ್ಟೆಯಿಡುವ ವಯಸ್ಸಿಗೆ ಬಂದ ಹೇಂಟೆಯ ಕಾಲಿನ ಮೂಳೆಗಳ ಒಳಗೆ ಕ್ಯಾಲ್ಶಿಯಂ ಕೂಡಿಡಲೆಂದೇ ವಿಶೇಷ ಮೂಳೆಪದರ ಬೆಳೆಯುತ್ತದೆ. ಹಿಂದೆ ಧಾನ್ಯ ಕೂಡಿಡುತ್ತಿದ್ದ ಹಗೇವು ಇದ್ದಂತೆ. ಹಗೇವು ಬರಿದಾದರೆ ಕೋಳಿ ತನ್ನ ಅಸಲಿ ಮೂಳೆಯನ್ನೇ ಕರಗಿಸುತ್ತದೆ.

ಚಿಪ್ಪು ಸಿದ್ಧವಾದ ಮೇಲೂ ಕ್ಯಾಲ್ಶಿಯಂ ಕೆಲಸ ಮುಗಿಯುವುದಿಲ್ಲ. ಮೊಟ್ಟೆಯನ್ನು ಹೊರಗೆ ತಳ್ಳುವುದು ಅಂಡನಾಳದ ಸ್ನಾಯುಗಳು. ಸ್ನಾಯು ಬಿಗಿಯಾಗಿ ಸಂಕುಚಿಸಬೇಕಾದರೆ ಅದಕ್ಕೂ ಕ್ಯಾಲ್ಶಿಯಂ ಬೇಕು. ಚಿಪ್ಪು ಕಟ್ಟಿ ಖಾಲಿಯಾದ ದೇಹ ತಳ್ಳುವ ಹೊತ್ತಿಗೆ ಸುಸ್ತಾಗಿಬಿಡುತ್ತದೆ. ‘ದಾರಿ ಚಿಕ್ಕದು, ಮೊಟ್ಟೆ ದೊಡ್ಡದು’ ಎಂದೇ ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದೂ ಉಂಟು, ವಿಶೇಷವಾಗಿ ಎರಡು ಭಂಡಾರದ ಮೊಟ್ಟೆಗಳಲ್ಲಿ. ಆದರೆ ಅನೇಕ ಸಲ ಮೊಟ್ಟೆಯ ಗಾತ್ರ ಮಾಮೂಲಿಯೇ ಇರುತ್ತದೆ, ತಳ್ಳುವ ಶಕ್ತಿ ಇರುವುದಿಲ್ಲ. ಹೊರಗಿನಿಂದ ಒತ್ತಿ ತೆಗೆಯುವುದು ಯಾಕೆ ತಪ್ಪು ಎಂಬುದಕ್ಕೆ ಮೊದಲ ಕಾರಣ ಇದು.

ನಿಜಕ್ಕೂ ಸಿಕ್ಕಿಕೊಂಡಿದೆಯೇ?

ಕಾವಿಗೆ ಕೂತ ಕೋಳಿಯನ್ನು ರೋಗಿ ಎಂದುಕೊಂಡು ಬಿಸಿನೀರಿನಲ್ಲಿ ಮುಳುಗಿಸುವುದು, ರೋಗಿ ಕೋಳಿಯನ್ನು ಕಾವಿಗೆ ಕೂತಿದೆ ಎಂದು ಎರಡು ದಿನ ಬಿಟ್ಟುಬಿಡುವುದು, ಎರಡೂ ನಡೆಯುತ್ತವೆ. ಎರಡನೆಯದು ಹೆಚ್ಚು ದುಬಾರಿ.

ಕಾವಿಗೆ ಕೂತ ಹೇಂಟೆ ಗೂಡಿನಲ್ಲಿ ರೊಟ್ಟಿಯಂತೆ ಹರಡಿಕೊಂಡು ಕೂರುತ್ತದೆ. ಕೈ ಹಾಕಿದರೆ ಗರಿ ನಿಮಿರಿಸಿ ಗುರ್‌ಗುಡುತ್ತದೆ, ಕುಕ್ಕುತ್ತದೆ. ಎತ್ತಿ ಅಂಗಳಕ್ಕೆ ಬಿಟ್ಟರೆ ಗಬಗಬನೆ ಕಾಳು ತಿಂದು, ನೀರು ಕುಡಿದು, ದೊಡ್ಡದೊಂದು ಹಿಕ್ಕೆ ಹಾಕಿ ಮತ್ತೆ ಗೂಡಿಗೆ ಓಡುತ್ತದೆ. ಜುಟ್ಟು ತುಸು ಮಂಕಾಗಿರಬಹುದು, ಆದರೆ ಕಣ್ಣು ಚುರುಕಾಗಿರುತ್ತದೆ. ಇದು ಕಾಯಿಲೆಯಲ್ಲ.

ಮೊಟ್ಟೆ ಸಿಕ್ಕಿಕೊಂಡ ಕೋಳಿಗೆ ಈ ಗತ್ತು ಇರುವುದಿಲ್ಲ. ಅದು ಮುಕ್ಕಿರಿಯುತ್ತದೆ, ಉಸಿರಾಟದ ಜೊತೆಗೆ ಬಾಲ ಮೇಲೆ ಕೆಳಗೆ ಆಡುತ್ತದೆ. ಕಾಲು ಅಗಲಿಸಿ ನಡೆಯುತ್ತದೆ ಅಥವಾ ಕುಂಟುತ್ತದೆ, ಏಕೆಂದರೆ ಒಳಗಿನ ಮೊಟ್ಟೆ ಕಾಲಿಗೆ ಹೋಗುವ ನರಗಳನ್ನು ಒತ್ತುತ್ತಿರುತ್ತದೆ. ಹಿಕ್ಕೆ ನಿಂತುಹೋಗುತ್ತದೆ, ಇಲ್ಲವೇ ನೀರುನೀರಾಗಿ ಸ್ವಲ್ಪವೇ ಬರುತ್ತದೆ. ಕೋಳಿಗೆ ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಕೊನೆಯಲ್ಲಿ ಇರುವುದು ಒಂದೇ ಬಾಗಿಲು. ಮೊಟ್ಟೆ ಆ ಬಾಗಿಲ ಬಳಿ ಕೂತರೆ ಉಳಿದದ್ದೆಲ್ಲ ಹಿಂದೆ ನಿಲ್ಲುತ್ತದೆ. ಜೊತೆಗೆ ಸುತ್ತಲಿನ ರಕ್ತನಾಳಗಳೂ ಒತ್ತಿಹೋಗುತ್ತವೆ. ಸಾವು ಬರುವುದು ಮೊಟ್ಟೆಯಿಂದಲೇ ಅಲ್ಲ, ಈ ಒತ್ತಡದಿಂದ.

ಕೋಳಿಯನ್ನು ತೊಡೆಯ ಮೇಲೆ ನೆಮ್ಮದಿಯಾಗಿ ಹಿಡಿದು, ಕಾಲುಗಳ ನಡುವೆ, ಹಿಂಬಾಗಿಲಿನ ಕೆಳಗಿನ ಹೊಟ್ಟೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಬಹುದು. ಗುಂಡಗೆ ಗಟ್ಟಿಯಾದದ್ದು ಸಿಕ್ಕಿದರೆ ಅನುಮಾನ ಬಲವಾಗುತ್ತದೆ. ಸಿಗದಿದ್ದರೆ ಮೊಟ್ಟೆ ಇಲ್ಲ ಎಂದು ಅರ್ಥವಲ್ಲ. ಚಿಪ್ಪೇ ಸರಿಯಾಗಿ ಕಟ್ಟದ ತೊಗಲು ಮೊಟ್ಟೆ ಕೈಗೆ ತಿಳಿಯುವುದಿಲ್ಲ. ವಿಚಿತ್ರವೆಂದರೆ ಇಂಥ ಮೆತ್ತನೆಯ ಮೊಟ್ಟೆಗಳೇ ಹೆಚ್ಚು ಸಿಕ್ಕಿಕೊಳ್ಳುವುದು: ಸ್ನಾಯುಗಳಿಗೆ ಹಿಡಿದು ತಳ್ಳಲು ಗಟ್ಟಿ ಆಸರೆಯೇ ಸಿಗುವುದಿಲ್ಲ.

ಇದೇ ರೀತಿ ಕಾಣುವ ಬೇರೆ ತೊಂದರೆಗಳೂ ಇವೆ. ಕೆಲವೊಮ್ಮೆ ಭಂಡಾರ ಅಂಡನಾಳದ ಬಾಯಿ ತಪ್ಪಿ ಹೊಟ್ಟೆಯೊಳಗೆ ಬೀಳುತ್ತದೆ. ಅಲ್ಲಿ ಸೋಂಕು ತಗಲಿದರೆ ಹೊಟ್ಟೆ ನೀರು ತುಂಬಿದ ಬಲೂನಿನಂತೆ ಜೋಲುತ್ತದೆ. ಅಂಡನಾಳಕ್ಕೇ ಸೋಂಕಾದರೆ ಕೀವು ಪದರಪದರವಾಗಿ ಗಟ್ಟಿಕಟ್ಟಿ, ಬೇಯಿಸಿದ ಮೊಟ್ಟೆಯಂತೆ ಕಾಣುವ ಮುದ್ದೆಯೊಂದು ಹೊರಬರಬಹುದು. ಮೊಟ್ಟೆಕೋಳಿಗಳಲ್ಲಿ ಅಂಡಾಶಯದ ಕ್ಯಾನ್ಸರ್ ಕೂಡ ಅಪರೂಪವಲ್ಲ. ಇವು ಯಾವುದಕ್ಕೂ ಬಿಸಿನೀರಿನ ಟಬ್ಬು ಪರಿಹಾರವಲ್ಲ. ನಾಲ್ಕಾರು ವಾರಗಳಿಂದ ಮೊಟ್ಟೆ ನಿಂತಿದ್ದು, ಗರಿಗಳು ರಾಶಿರಾಶಿ ಉದುರುತ್ತಿದ್ದು, ಕೋಳಿ ಆರಾಮಾಗಿ ತಿಂದುಂಡು ಓಡಾಡಿಕೊಂಡಿದ್ದರೆ ಮಾತ್ರ ನಿಶ್ಚಿಂತೆಯಿಂದಿರಿ. ಅದು ಗರಿ ಬದಲಿಸುತ್ತಿದೆ.

ಮೊದಲ ಕೆಲವು ಗಂಟೆ

ಕೋಳಿ ಎಚ್ಚರವಾಗಿದ್ದು, ಕಾಲ ಮೇಲೆ ನಿಲ್ಲುತ್ತಿದ್ದು, ತೊಂದರೆ ಈಗಷ್ಟೇ ಶುರುವಾಗಿದ್ದರೆ ಮನೆಯಲ್ಲಿ ಸ್ವಲ್ಪ ಹೊತ್ತು ಪ್ರಯತ್ನಿಸಬಹುದು. ಬಿದ್ದುಕೊಂಡಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ, ರಕ್ತ ಕಾಣುತ್ತಿದ್ದರೆ ಈ ಭಾಗವನ್ನು ಓದುತ್ತ ಕೂರಬೇಡಿ, ನೇರ ಪಶುವೈದ್ಯರ ಬಳಿ ಹೋಗಿ.

ಮೊದಲ ಕೆಲಸ ಅದನ್ನು ಉಳಿದ ಕೋಳಿಗಳಿಂದ ಬೇರೆ ಮಾಡುವುದು. ಅರೆಗತ್ತಲಿರುವ, ಸದ್ದಿಲ್ಲದ, ಬೆಚ್ಚಗಿನ ಜಾಗ ಬೇಕು. ರಟ್ಟಿನ ಪೆಟ್ಟಿಗೆಗೆ ಹಳೆ ಬಟ್ಟೆ ಹಾಸಿದರೆ ಸಾಕು. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಿತ್ರಾಣವಾದಾಗ ಆ ಬಿಸಿ ಕಾಪಾಡಿಕೊಳ್ಳಲಿಕ್ಕೇ ಅದರ ಶಕ್ತಿ ಖರ್ಚಾಗುತ್ತದೆ. ಪೆಟ್ಟಿಗೆಯ ಸುತ್ತ 30 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ಮಡಿಕೇರಿಯ ಮಳೆಗಾಲದಲ್ಲಿ ಇದಕ್ಕೆ ಬಲ್ಬೊಂದನ್ನು ಪಕ್ಕದಲ್ಲಿ ಹಚ್ಚಿಡಬೇಕಾಗುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಬೇಕಾಗುವುದು ನೆರಳು. ಕೋಳಿ ತೇಕಲು ಶುರುಮಾಡಿದರೆ ಬಿಸಿ ಹೆಚ್ಚಾಗಿದೆ ಎಂದೇ ಅರ್ಥ.

ಎರಡನೆಯದು ಕ್ಯಾಲ್ಶಿಯಂ. ಪಶುವೈದ್ಯರಿಗೆ ಫೋನ್ ಮಾಡಿ ಕೋಳಿಯ ತೂಕ ಹೇಳಿ, ಯಾವ ದ್ರವ, ಎಷ್ಟು ಹನಿ ಎಂದು ಕೇಳಿಕೊಳ್ಳಿ. ಕೊಡುವಾಗ ಕೊಕ್ಕಿನ ಪಕ್ಕದಿಂದ ಒಂದೊಂದೇ ಹನಿ ಬಿಡಬೇಕು, ಅದು ನುಂಗಿದ ಮೇಲೆ ಇನ್ನೊಂದು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಬಾಯಗಲಿಸಿ ಒಮ್ಮೆಗೇ ಸುರಿದರೆ ಔಷಧ ಶ್ವಾಸಕೋಶಕ್ಕೆ ಹೋಗುತ್ತದೆ. ತೂಕಡಿಸುತ್ತಿರುವ ಕೋಳಿಯ ಬಾಯಿಗೆ ಏನನ್ನೂ ಹಾಕಬಾರದು.

ಮೂರನೆಯದು ಎಲ್ಲರೂ ಹೇಳುವ ಬೆಚ್ಚನೆ ನೀರಿನ ಸ್ನಾನ. ಇದು ಮಂತ್ರವೇನಲ್ಲ. ಬೆಚ್ಚನೆಯ ನೀರು ಸ್ನಾಯುಗಳನ್ನು ಸಡಿಲಗೊಳಿಸುತ್ತದೆ, ಒಣಗಿದ ಹಿಕ್ಕೆಯನ್ನು ತೊಳೆಯುತ್ತದೆ, ಅಷ್ಟೇ. ಎಳೆಮಗುವಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ನೋಡಿ, 38ರಿಂದ 40 ಡಿಗ್ರಿಯಷ್ಟಿರಲಿ. ಹೊಟ್ಟೆ ಮತ್ತು ಹಿಂಭಾಗ ಮುಳುಗುವಷ್ಟು ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಬೆದರದೆ ಕೂರುವ, ಮನುಷ್ಯರ ಕೈಗೆ ಒಗ್ಗಿದ ಕೋಳಿಗೆ ಇದು ಹಿತವೇ. ರೆಕ್ಕೆ ಬಡಿದು ಹಾರಾಡುವ ಕೋಳಿಯನ್ನು ಅದುಮಿ ಹಿಡಿದು ಸ್ನಾನ ಮಾಡಿಸಿದರೆ ಹೆದರಿಕೆಯಿಂದಲೇ ಹೆಚ್ಚು ಹಾನಿ. ಅಂಥದ್ದನ್ನು ಬೆಚ್ಚಗಿನ ಕತ್ತಲಲ್ಲಿ ಬಿಡುವುದೇ ವಾಸಿ. ಸ್ನಾನವಾದ ಮೇಲೆ ಗರಿಗಳನ್ನು ಬುಡದವರೆಗೆ ಒಣಗಿಸಬೇಕು. ಒದ್ದೆ ಗರಿಯ ಕೋಳಿ ನಡುಗುತ್ತ ಕೂತರೆ ಮಾಡಿದ್ದೆಲ್ಲ ನೀರುಪಾಲು.

ಹಿಂಬಾಗಿಲಿನ ಅಂಚಿಗೆ ಸ್ವಲ್ಪ ಕೊಬ್ಬರಿ ಎಣ್ಣೆಯನ್ನೋ ಔಷಧದಂಗಡಿಯಲ್ಲಿ ಸಿಗುವ ನೀರಿನಂಶದ ಜಾರುಜೆಲ್ಲನ್ನೋ ಸವರಬಹುದು. ಹೊರಗಡೆ ಮಾತ್ರ. ‘ಎಣ್ಣೆ ಹಚ್ಚಿ’ ಎನ್ನುವ ಸಲಹೆಯಲ್ಲಿ ಸರಿಯಿರುವ ಅರ್ಧ ಇದೇ.

ಇಷ್ಟಾದ ಮೇಲೆ ಪೆಟ್ಟಿಗೆಯಲ್ಲಿ ಬಿಟ್ಟು ದೂರ ಹೋಗಿ. ಇದು ಬಹಳ ಕಷ್ಟದ ಕೆಲಸ, ಏಕೆಂದರೆ ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕೆನಿಸುತ್ತದೆ. ನೋಡಬೇಡಿ. ಯಾರೂ ನೋಡದ ಜಾಗವನ್ನೇ ಹುಡುಕಿ ಮೊಟ್ಟೆಯಿಡುವ ಜೀವ ಅದು. ಎರಡು ಮೂರು ಗಂಟೆಗಳಲ್ಲಿ ಮೊಟ್ಟೆ ಬಂದರೆ ಕೋಳಿ ತಾನಾಗಿಯೇ ನೀರು ಕುಡಿಯುತ್ತದೆ. ಬಾರದಿದ್ದರೆ ಇನ್ನೊಂದು ಸ್ನಾನ, ಮತ್ತೊಂದು ಮನೆಮದ್ದು ಎಂದು ರಾತ್ರಿ ಕಳೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ಮನೆಯ ಚಿಕಿತ್ಸೆಯ ಗಡಿ ಇಲ್ಲಿಗೆ ಮುಗಿಯುತ್ತದೆ.

ಒತ್ತಿ ತೆಗೆದ ವಿಡಿಯೊಗಳಲ್ಲಿ ಕಾಣದ್ದು

ಹೊಟ್ಟೆ ಒತ್ತಿ, ಬೆರಳು ಹಾಕಿ ಮೊಟ್ಟೆ ಹೊರತೆಗೆಯುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಮೊಟ್ಟೆ ಹೊರಬಿದ್ದ ತಕ್ಷಣ ವಿಡಿಯೊ ಮುಗಿಯುತ್ತದೆ. ಮರುದಿನ ಕೋಳಿ ಹೇಗಿತ್ತು ಎಂದು ಯಾರೂ ತೋರಿಸುವುದಿಲ್ಲ. ಸತ್ತ ಕೋಳಿಯ ವಿಡಿಯೊ ಯಾರೂ ಹಾಕುವುದೂ ಇಲ್ಲ. ನಾವು ನೋಡುವುದು ಗೆದ್ದ ಪ್ರಯತ್ನಗಳನ್ನು ಮಾತ್ರ. ಇಂಥ ಸಲಹೆಗಳು ಅಷ್ಟೊಂದು ನಂಬಿಕೆ ಹುಟ್ಟಿಸುವುದಕ್ಕೆ ಇದೂ ಒಂದು ಕಾರಣ.

ಒತ್ತುವಾಗ ಒಳಗೆ ಮೊಟ್ಟೆ ಒಡೆದರೆ ಚಿಪ್ಪಿನ ಚೂರುಗಳು ಅಂಡನಾಳವನ್ನು ಸೀಳುತ್ತವೆ, ಒಳಗಿದ್ದ ದ್ರವ ಸೋಂಕಿಗೆ ದಾರಿಯಾಗುತ್ತದೆ. ಅಂಡನಾಳಕ್ಕೆ ಮೊಟ್ಟೆ ಅಂಟಿಕೊಂಡಿದ್ದರೆ ನಾಳವೇ ಹರಿಯಬಹುದು. ‘ಮೊಟ್ಟೆ ಹೇಗೂ ಹಾಳು, ಸೂಜಿಯಿಂದ ಚುಚ್ಚಿ ಒಡೆದುಬಿಡೋಣ’ ಎನ್ನುವವರೂ ಇದ್ದಾರೆ. ವೈದ್ಯರು ಹೀಗೆ ಮಾಡುವುದುಂಟು, ನಿಜ. ಆದರೆ ಅವರು ಮೊಟ್ಟೆಯ ತುದಿ ಎಲ್ಲಿದೆಯೆಂದು ನೋಡಿ, ಒಳಗಿನದನ್ನು ಸಿರಿಂಜಿನಿಂದ ಎಳೆದು, ಚಿಪ್ಪನ್ನು ಜೋಪಾನವಾಗಿ ಕುಸಿಸಿ, ಚೂರುಗಳನ್ನು ತೆಗೆಯುತ್ತಾರೆ. ಅಡುಗೆಮನೆಯಲ್ಲಿ ಅದನ್ನು ಅನುಕರಿಸಲಾಗದು.

ಮನುಷ್ಯರ ನೋವಿನ ಮಾತ್ರೆ ಬೇಡವೇ ಬೇಡ. ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಕೊಟ್ಟಿದ್ದ ದನಗಳ ಕಳೇಬರ ತಿಂದು, ಮೂತ್ರಪಿಂಡ ಕೆಟ್ಟು ನಮ್ಮ ದೇಶದ ರಣಹದ್ದುಗಳು ಸತ್ತ ಕತೆ ನೆನಪಿರಬಹುದು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಲ್ಲಿಸಲಾಯಿತು. ಹಸು ಹಾಲಿಳಿಸಲೆಂದು ಕೆಲವರು ಕದ್ದುಮುಚ್ಚಿ ಬಳಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೋಳಿಗೂ ಹಾಕಿ ನೋಡುವುದು ಇನ್ನೊಂದು ಅಪಾಯ. ಅದು ಸಸ್ತನಿಗಳ ಹಾರ್ಮೋನು. ಹಕ್ಕಿಗಳಲ್ಲಿ ಈ ಕೆಲಸಕ್ಕೆ ಬೇರೆ ಹಾರ್ಮೋನು ಇದೆ. ಬಾಗಿಲು ತೆರೆಯದೆ ಸ್ನಾಯು ಮಾತ್ರ ಜೋರಾಗಿ ಹಿಂಡಿದರೆ ಏನಾಗಬಹುದೆಂದು ಊಹಿಸಿ. ಎಲೆಯಡಿಕೆಯ ಸುಣ್ಣವೂ ಔಷಧವಲ್ಲ. ಅದರಲ್ಲಿ ಕ್ಯಾಲ್ಶಿಯಂ ಇರುವುದು ಹೌದಾದರೂ ಅದು ಸುಡುವ ಕ್ಷಾರ. ಬಾಯಿ, ಗಂಟಲು ಬೇಯುತ್ತದೆ.

ಮುಕ್ಕಿರಿದು ಮುಕ್ಕಿರಿದು ಅಂಡನಾಳದ ಕೆಂಪು ಅಂಗಾಂಶವೇ ಹೊರಗೆ ಬಂದು ನಿಂತರೆ ಅದು ಬೇರೆಯದೇ ತುರ್ತು. ಮೊಟ್ಟೆಯಿಡುವ ಗಳಿಗೆಯಲ್ಲಿ ಅದು ಕ್ಷಣಕಾಲ ಹೊರಗೆ ಬಂದು ಒಳಗೆ ಹೋಗುವುದು ಸಹಜ. ಮೊಟ್ಟೆಗೆ ಹಿಕ್ಕೆ ತಾಗದಿರಲು ಪ್ರಕೃತಿ ಮಾಡಿದ ಏರ್ಪಾಡು ಅದು. ಒಳಗೆ ಹೋಗದೆ ಉಳಿದರೆ ಮಾತ್ರ ಕೂಡಲೇ ಬೇರೆ ಮಾಡಿ. ಕೆಂಪು ಕಂಡ ಬೇರೆ ಕೋಳಿಗಳು ಅದನ್ನು ಕುಕ್ಕಿ ಕುಕ್ಕಿ ಕರುಳನ್ನೇ ಎಳೆದುಹಾಕುತ್ತವೆ, ಉತ್ಪ್ರೇಕ್ಷೆಯಲ್ಲ. ಕುದಿಸಿ ಆರಿಸಿದ ತಿಳಿ ಉಪ್ಪುನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಅದು ಒಣಗದಂತೆ ಮುಚ್ಚಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಅರಿಶಿನ ಮೆತ್ತಬೇಡಿ.

ಆಸ್ಪತ್ರೆಯಲ್ಲಿ

ಕೋಳಿಯನ್ನು ಎತ್ತಿಕೊಂಡು ಹೋಗುವ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು. ನಾಯಿ ಬೆಕ್ಕುಗಳನ್ನಷ್ಟೇ ನೋಡುವ ಕ್ಲಿನಿಕ್‌ಗಳು ನಗರಗಳಲ್ಲಿ ಬಹಳ. ಹಕ್ಕಿಗಳನ್ನು ನೋಡುವ ವೈದ್ಯರು ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತಾರೆ. ಉಳಿದ ಕಡೆ ಸರ್ಕಾರಿ ಪಶು ಆಸ್ಪತ್ರೆಯೇ ಗತಿ, ಮತ್ತು ಅದು ಕೆಟ್ಟ ಗತಿಯೇನೂ ಅಲ್ಲ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆಮಾಡಿ ಹತ್ತಿರದಲ್ಲಿ ಯಾರಿದ್ದಾರೆಂದು ವಿಚಾರಿಸಬಹುದು. ಕೊನೆಯ ಮೊಟ್ಟೆ ಯಾವತ್ತು ಇಟ್ಟಿತು, ಅದರ ಚಿಪ್ಪು ಹೇಗಿತ್ತು, ಕೋಳಿಯ ವಯಸ್ಸೆಷ್ಟು, ಏನು ತಿನ್ನಿಸುತ್ತಿದ್ದೀರಿ, ಮನೆಯಲ್ಲಿ ಈಗಾಗಲೇ ಏನು ಮಾಡಿದ್ದೀರಿ, ಇಷ್ಟನ್ನು ಮರೆಮಾಚದೆ ಹೇಳಿ. ಒತ್ತಿ ನೋಡಿದ್ದರೆ ಅದನ್ನೂ.

ವೈದ್ಯರು ಸಾಮಾನ್ಯವಾಗಿ ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿ ಮೊಟ್ಟೆ ಎಲ್ಲಿದೆ, ಒಂದೇ ಇದೆಯೇ, ಒಡೆದಿದೆಯೇ ಎಂದು ನೋಡುತ್ತಾರೆ. ದ್ರವ ಮತ್ತು ಕ್ಯಾಲ್ಶಿಯಂ ಗ್ಲುಕೊನೇಟ್ ಚುಚ್ಚುಮದ್ದು ಕೊಡುತ್ತಾರೆ. ಎಷ್ಟೋ ಕೋಳಿಗಳು ಇಷ್ಟಕ್ಕೇ ಮೊಟ್ಟೆ ಇಟ್ಟುಬಿಡುತ್ತವೆ. ದಾರಿ ತೆರೆದಿದೆ ಎಂದು ಖಚಿತವಾದ ಮೇಲಷ್ಟೇ ಸ್ನಾಯು ಹಿಂಡುವ ಔಷಧ. ಅದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಮೊಟ್ಟೆ ತೆಗೆಯುವುದು, ಕೊನೆಯದಾಗಿ ಶಸ್ತ್ರಚಿಕಿತ್ಸೆ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನಬಾರದು ಎಂದು ಕೇಳಲು ಮರೆಯಬೇಡಿ. ಆ್ಯಂಟಿಬಯಾಟಿಕ್ ಮೊಟ್ಟೆಯೊಳಗೂ ಸೇರುತ್ತದೆ.

ಇಲ್ಲೊಂದು ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೋಳಿಯ ಬೆಲೆ ಕೆಲವು ನೂರು ರೂಪಾಯಿ, ಚಿಕಿತ್ಸೆಯ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು. ಹೆಸರಿಟ್ಟು ಸಾಕಿದ ಕೋಳಿಗೆ ಖರ್ಚು ಮಾಡುವವರನ್ನು ನೋಡಿ ನಗುವವರಿದ್ದಾರೆ. ಖರ್ಚು ಮಾಡಲಾಗದವರನ್ನು ಕಟುಕರೆನ್ನುವವರೂ ಇದ್ದಾರೆ. ಇಬ್ಬರ ಮಾತೂ ಕೋಳಿಗೆ ಉಪಯೋಗವಿಲ್ಲ. ಚಿಕಿತ್ಸೆ ಸಾಧ್ಯವಿಲ್ಲ, ಫಲ ಕೊಡುವಂತಿಲ್ಲ ಎಂದಾದರೆ ನೋವಿಲ್ಲದ ಅಂತ್ಯ ಕೊಡುವಂತೆ ವೈದ್ಯರನ್ನು ಕೇಳುವುದು ತಪ್ಪಲ್ಲ. ನನ್ನ ಮಟ್ಟಿಗೆ ತಪ್ಪೆಂದರೆ ಯಾವ ನಿರ್ಧಾರವನ್ನೂ ಮಾಡದೆ ಎರಡು ದಿನ ಅದನ್ನು ಮುಕ್ಕಿರಿಯಲು ಬಿಡುವುದು. ಕಾಯಿಲೆಯ ಕೋಳಿಯನ್ನು, ಅದರಲ್ಲೂ ಔಷಧ ಬಿದ್ದಿರುವುದನ್ನು, ಕೊಯ್ದು ತಿನ್ನುವುದಂತೂ ಬೇಡ.

ರಾಗಿ ತಿನ್ನಿಸಿದರೂ ಯಾಕೆ ಹೀಗಾಯಿತು?

ರಾಗಿಯಲ್ಲಿ ಕ್ಯಾಲ್ಶಿಯಂ ಹೆಚ್ಚು ಎಂಬುದು ಸರಿಯೇ. ಧಾನ್ಯಗಳಲ್ಲೆಲ್ಲ ಅದೇ ಮುಂದು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಅಕ್ಕಿಯಲ್ಲಿ ಹತ್ತಿಪ್ಪತ್ತು ಮಿಲಿಗ್ರಾಂ ಇದ್ದರೆ ಹೆಚ್ಚು. ಈಗ ಲೆಕ್ಕ ಹಾಕಿ. ಮೊಟ್ಟೆಕೋಳಿ ದಿನಕ್ಕೆ ತಿನ್ನುವುದು ಸುಮಾರು 100ರಿಂದ 110 ಗ್ರಾಂ. ಚಿಪ್ಪಿಗೆ ಬೇಕಾದದ್ದು 2 ಗ್ರಾಂ ಕ್ಯಾಲ್ಶಿಯಂ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧವಷ್ಟೇ ಮೈಗೆ ಹತ್ತುವುದರಿಂದ, ಮೊಟ್ಟೆಯಿಡುವ ದಿನ ಆಹಾರದಲ್ಲಿ ಸುಮಾರು 4 ಗ್ರಾಂ ಇರಬೇಕು. ಬರೀ ರಾಗಿ ತಿಂದರೂ ಅದರ ಹತ್ತರಲ್ಲೊಂದು ಭಾಗ ಸಿಗುವುದಿಲ್ಲ! ಮಿಕ್ಕ ಅನ್ನ, ಚಪಾತಿ ಚೂರು, ಮೆಕ್ಕೆಜೋಳವನ್ನೇ ಹಾಕುತ್ತಿದ್ದರೆ ಕ್ಯಾಲ್ಶಿಯಂ ಇಲ್ಲದೆ ಕೊಬ್ಬು ಮಾತ್ರ ಬೆಳೆಯುತ್ತದೆ, ಆ ಕೊಬ್ಬು ಮೊಟ್ಟೆಯ ದಾರಿಯನ್ನೇ ಕಿರಿದು ಮಾಡುತ್ತದೆ. ಪ್ರೀತಿಯಿಂದ ಸಾಕಿದ ಕೋಳಿಗಳಲ್ಲೇ ಇದು ಹೆಚ್ಚು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ದಪ್ಪ ಮೈಯ ತಳಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಅಂಗಡಿಯಲ್ಲಿ ಸಿಗುವ ಲೇಯರ್ ಆಹಾರದಲ್ಲಿ ಕ್ಯಾಲ್ಶಿಯಂ ಶೇ. 3.5ರಿಂದ 4.5ರಷ್ಟು ಇರುತ್ತದೆ. ಅದನ್ನೇ ಮುಖ್ಯ ಆಹಾರವಾಗಿಸಿ, ರಾಗಿ, ಸೊಪ್ಪು, ಅನ್ನವನ್ನು ತಿಂಡಿಯಂತೆ ಕೊಡಬಹುದು. ಜೊತೆಗೆ ಕುಟ್ಟಿದ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ, ಬೇಕೆನಿಸಿದ ಕೋಳಿ ಬೇಕಾದಷ್ಟು ತಿನ್ನಲಿ. ಸಂಜೆ ಇಟ್ಟರೆ ಇನ್ನೂ ಒಳ್ಳೆಯದು. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ. ದಪ್ಪ ಚೂರುಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತ ಬೆಳಗಿನವರೆಗೆ ಒದಗುತ್ತವೆ. ಎಲ್ಲ ಆಹಾರಕ್ಕೂ ಬೆರೆಸಿಬಿಡಬೇಡಿ, ಏಕೆಂದರೆ ಮೊಟ್ಟೆಯಿಡದ ಮರಿಗಳಿಗೂ ಹುಂಜಕ್ಕೂ ಹೆಚ್ಚು ಕ್ಯಾಲ್ಶಿಯಂ ಮೂತ್ರಪಿಂಡಕ್ಕೆ ಹಾನಿ. ಮೊಟ್ಟೆಚಿಪ್ಪನ್ನೇ ತಿನ್ನಿಸಿದರೆ ಕೋಳಿ ಮೊಟ್ಟೆ ಒಡೆದು ತಿನ್ನುವ ಚಟ ಕಲಿಯುತ್ತದೆ ಎನ್ನುವ ಮಾತಿದೆ. ಅರ್ಧ ಚಿಪ್ಪನ್ನು ಹಾಗೇ ಎಸೆಯಬೇಡಿ, ಅಷ್ಟೇ. ಹುರಿದು ಪುಡಿಮಾಡಿದ ಚಿಪ್ಪನ್ನು ಕೋಳಿ ಮೊಟ್ಟೆಯೆಂದು ಗುರುತಿಸುವುದಿಲ್ಲ. ಆದರೆ ಒಂದು ಚಿಪ್ಪಿನಿಂದ ಇನ್ನೊಂದು ಪೂರ್ತಿ ಚಿಪ್ಪು ಆಗದು, ಅರ್ಧ ಸೋರಿಹೋಗುತ್ತದೆ ಎಂದು ಮೇಲೆಯೇ ನೋಡಿದೆವಲ್ಲ.

ಬಿಸಿಲೂ ಬೇಕು. ಕ್ಯಾಲ್ಶಿಯಂ ಮೈಗೆ ಹತ್ತಲು ವಿಟಮಿನ್ ಡಿ ಇರಬೇಕು. ತಾರಸಿಯ ಮೂಲೆಯ ಕತ್ತಲೆ ಪಂಜರದಲ್ಲಿ ಅದೂ ಇಲ್ಲ, ಓಡಾಟವೂ ಇಲ್ಲ. ಅತಿ ಬಿಸಿಲಿನ ಕತೆ ಬೇರೆ. ಬೇಸಿಗೆಯಲ್ಲಿ ಕೋಳಿ ತೇಕುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ. ಚಿಪ್ಪಿನ ಕಾರ್ಬೊನೇಟ್ ತಯಾರಾಗುವುದು ಅದರಿಂದಲೇ. ಅದಕ್ಕೇ ಏಪ್ರಿಲ್, ಮೇ ತಿಂಗಳ ಮೊಟ್ಟೆಗಳ ಚಿಪ್ಪು ತೆಳು. ನೆರಳು, ತಣ್ಣೀರು ಇಟ್ಟರೆ ಅದೂ ಮೊಟ್ಟೆಯ ಚಿಕಿತ್ಸೆಯೇ.

ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದು ನಮ್ಮ ಕೈಮೀರಿದ್ದು. ಸಾಕುಕೋಳಿಯ ಮುಖ್ಯ ಪೂರ್ವಜ ಏಷ್ಯಾದ ಕೆಂಪು ಕಾಡುಕೋಳಿ. ಪಶ್ಚಿಮ ಘಟ್ಟದಲ್ಲಿ ನಾವು ನೋಡುವ ಬೂದು ಕಾಡುಕೋಳಿ ಅದರ ದಾಯಾದಿ. ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ನಮ್ಮ ನಾಟಿಕೋಳಿ ಒಂದು ಸರತಿ ಇಟ್ಟು ಕಾವಿಗೆ ಕೂತು ವಿಶ್ರಾಂತಿ ಪಡೆಯುತ್ತದೆ. ಇಂದಿನ ಮೊಟ್ಟೆತಳಿಯ ಕೋಳಿ ಕಾವಿನ ಗೊಡವೆಯೇ ಇಲ್ಲದೆ ವರ್ಷಕ್ಕೆ 300ಕ್ಕೂ ಹೆಚ್ಚು ಇಡುತ್ತದೆ. ಒಂದು ಚಿಪ್ಪಿಗೆ 6 ಗ್ರಾಂ ಎಂದರೂ 300 ಮೊಟ್ಟೆಗೆ 1.8 ಕಿಲೊ. ಹೆಚ್ಚುಕಡಿಮೆ ತನ್ನದೇ ಮೈತೂಕದಷ್ಟು ಚಿಪ್ಪನ್ನು ಆ ಹಕ್ಕಿ ಒಂದೇ ವರ್ಷದಲ್ಲಿ ಕಟ್ಟಿ ಕೊಡುತ್ತದೆ. ಫಾರಂಗಳಲ್ಲಿ ಇಂಥ ಕೋಳಿಯನ್ನು ಒಂದೂವರೆ ಎರಡು ವರ್ಷಕ್ಕೇ ಮಾರಿಬಿಡುತ್ತಾರೆ. ಮನೆಯಲ್ಲಿ ಸಾಕಿದವರು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಮುಂದಿನ ವರ್ಷಗಳ ತೊಂದರೆಗಳು ಕಾಣುವುದು ಮನೆಯಲ್ಲೇ.

ಮೊಟ್ಟೆ ಹೊರಬಂದ ಮೇಲೆ

ಒಮ್ಮೆ ಸಿಕ್ಕಿಕೊಂಡ ಕೋಳಿಗೆ ಮತ್ತೆ ಹಾಗಾಗುವ ಸಾಧ್ಯತೆ ಹೆಚ್ಚು. ಒಂದೆರಡು ದಿನ ಬೇರೆಯಾಗಿಯೇ ಇಟ್ಟು, ತಿನ್ನುತ್ತಿದೆಯೇ, ಹಿಕ್ಕೆ ಸರಿಯಿದೆಯೇ, ಹಿಂಬಾಗಿಲ ಬಳಿ ಊತವಿದೆಯೇ ನೋಡಿ. ಮುಟ್ಟಿದ ಮೇಲೆ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ಇರಬಹುದು.

ಪದೇಪದೇ ಆಗುತ್ತಿದ್ದರೆ ಅದಕ್ಕೆ ಮೊಟ್ಟೆಯಿಂದಲೇ ಬಿಡುವು ಕೊಡಿಸಬೇಕು. ಕೋಳಿಯ ಅಂಡಾಶಯ ಬೆಳಕಿನ ಮಾತು ಕೇಳುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕಿದ್ದರೆ ಭರದಿಂದ ಮೊಟ್ಟೆ, 8ರಿಂದ 10 ಗಂಟೆಗೆ ಇಳಿಸಿದರೆ ನಿಧಾನವಾಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಹಗಲು ವರ್ಷವಿಡೀ ಹನ್ನೊಂದೂವರೆಯಿಂದ ಹದಿಮೂರು ಗಂಟೆಯ ಆಸುಪಾಸಿನಲ್ಲೇ ಇರುವುದರಿಂದ ಪ್ರಕೃತಿ ತಾನಾಗಿ ಹೆಚ್ಚು ರಜೆ ಕೊಡುವುದಿಲ್ಲ. ಗೂಡಿನ ಬಲ್ಬು ತೆಗೆದು, ಸಂಜೆ ಬೇಗ ಕತ್ತಲು ಮಾಡಿ, ಬೆಳಗ್ಗೆ ತಡವಾಗಿ ತೆರೆಯಬಹುದು. ಅದೂ ಸಾಲದಿದ್ದರೆ ಅಂಡಾಶಯವನ್ನು ಕೆಲವು ತಿಂಗಳು ಮಲಗಿಸಿಡುವ ಹಾರ್ಮೋನ್ ಇಂಪ್ಲಾಂಟ್‌ಗಳನ್ನು ಹಕ್ಕಿವೈದ್ಯರು ಬಳಸುತ್ತಾರೆ. ಹೊಸದಾಗಿ ಮೊಟ್ಟೆಗೆ ಬರಲಿರುವ ಎಳೆ ಹೇಂಟೆಗಳಿಗೂ ಇದೇ ಲೆಕ್ಕ: ಹದಿನೆಂಟು ಇಪ್ಪತ್ತು ವಾರ ತುಂಬುವ ಮೊದಲೇ ರಾತ್ರಿಯೆಲ್ಲ ದೀಪ ಹಚ್ಚಿ ಅವಸರಪಡಿಸಿದರೆ ಮೈ ಬಲಿಯುವ ಮುಂಚೆ ಮೊಟ್ಟೆ ಬರುತ್ತದೆ.

ಬಿಡುವಿನ ನಂತರ ಬರುವ ಮೊದಲ ಮೊಟ್ಟೆಗಳನ್ನು ಕೈಯಲ್ಲಿ ಹಿಡಿದು ನೋಡಿ. ಒಂದೆರಡು ಚಿಕ್ಕದಾಗಿ, ಭಂಡಾರವಿಲ್ಲದೆ ಬಂದರೆ ಗಾಬರಿ ಬೇಡ. ಚಿಪ್ಪು ತೆಳು, ಮರಳು ಮರಳು, ಏಣು ಏಣಾಗಿದ್ದರೆ ಅಥವಾ ತೊಗಲು ಮೊಟ್ಟೆ ಬಂದರೆ ತಾರೀಖು ಬರೆದಿಟ್ಟುಕೊಳ್ಳಿ. ಆ ವಾರವೇ ಕಪ್ಪೆಚಿಪ್ಪಿನ ಬಟ್ಟಲು ಖಾಲಿಯಾಗಿದೆಯೇ ಎಂದೂ ನೋಡಿ.